ರಕ್ಷಣಾ ಕಂಪನಿಗಳ ಲಾಬಿ: ಕಡತಗಳ ಜಾಡು ಹಿಡಿಯುವುದು ಹೀಗೆ

2017ರ ಫೆಬ್ರವರಿ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. ಬೆನ್ನ ಮೇಲೆ ಉದ್ದನೆಯ ಹಲಗೆಯಂತಹ ರೇಡಾರ್ ಹೊತ್ತ ಒಂದು ಪುಟ್ಟ ಜೆಟ್ ವಿಮಾನವನ್ನು ಅಲ್ಲೇ ವಾಯುಪಡೆಗೆ ಒಪ್ಪಿಸಿದರು. ಹೆಸರು ನೇತ್ರ. ಆಕಾಶದಿಂದಲೇ ಗಡಿಯಾಚೆಗೆ ಕಣ್ಣಿಡುವ ವಿಮಾನ. ಅದರ ಒಳಗಿನ ವ್ಯವಸ್ಥೆ ಕಟ್ಟಿದ್ದು ಬೆಂಗಳೂರಿನ ಡಿಆರ್‌ಡಿಒ ವಿಜ್ಞಾನಿಗಳು. ವಿಮಾನ ಮಾತ್ರ ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯದು.

ಅದಕ್ಕೆ ನಾಲ್ಕು ತಿಂಗಳ ಮೊದಲು, 2016ರ ಅಕ್ಟೋಬರ್‌ನಲ್ಲಿ, ಅಮೆರಿಕದ ನ್ಯಾಯ ಇಲಾಖೆ ಒಂದು ಕಡತ ಪ್ರಕಟಿಸಿತ್ತು. ಹಲವು ದೇಶಗಳಲ್ಲಿನ ಲಂಚ ಮತ್ತು ಸುಳ್ಳು ಲೆಕ್ಕದ ಪ್ರಕರಣಗಳನ್ನು ಮುಗಿಸಿಕೊಳ್ಳಲು ಎಂಬ್ರೇಯರ್ 20.5 ಕೋಟಿ ಡಾಲರ್ ಕಟ್ಟಲು ಒಪ್ಪಿತ್ತು. ಆ ಕಡತದಲ್ಲಿ ಭಾರತದ ಮಾತೂ ಇದೆ. ನಮ್ಮ ವಾಯುಪಡೆಗಾಗಿ ಮೂರು ವಿಮಾನ ಮಾರುವ ವ್ಯವಹಾರ, ಸುಮಾರು 20.8 ಕೋಟಿ ಡಾಲರ್‌ನದು. ಅದಕ್ಕಾಗಿ 2009ರಲ್ಲಿ ಒಬ್ಬ ಏಜೆಂಟ್‌ಗೆ 57.6 ಲಕ್ಷ ಡಾಲರ್ ಕೊಟ್ಟು, ಸುಳ್ಳು ಕರಾರಿನ ಹೆಸರಲ್ಲಿ ಲೆಕ್ಕ ಬರೆದಿದ್ದರು ಅಂತ ಅದರಲ್ಲಿದೆ.

ನಮ್ಮ ತಲೆಯ ಮೇಲೆ ಹಾರುವ ವಿಮಾನದ ಲೆಕ್ಕ ವಾಷಿಂಗ್ಟನ್ನಿನ ಕಪಾಟಿನಲ್ಲಿ ಸಿಕ್ಕಿತು. ಇದು ಮೊದಲ ಸಲವೂ ಅಲ್ಲ. ಬೋಫೋರ್ಸ್ ಸುದ್ದಿ 1987ರಲ್ಲಿ ಹೊರಬಿದ್ದದ್ದು ಸ್ವೀಡನ್ನಿನ ರೇಡಿಯೋದಿಂದ. ಗಣ್ಯರ ಹೆಲಿಕಾಪ್ಟರ್ ಖರೀದಿಯ ಹಗರಣ ದೊಡ್ಡದಾಗಿದ್ದು 2013ರಲ್ಲಿ ಇಟಲಿ ಪೊಲೀಸರು ಫಿನ್‌ಮೆಕ್ಕಾನಿಕಾ ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದ ಮೇಲೆ. ರಕ್ಷಣೆಯ ಆಚೆಗೂ ಒಂದು ಉದಾಹರಣೆ ಇದೆ. 2012ರ ಡಿಸೆಂಬರ್‌ನಲ್ಲಿ ವಾಲ್‌ಮಾರ್ಟ್‌ನ ಲಾಬಿ ಖರ್ಚಿನ ಬಗ್ಗೆ ನಮ್ಮ ಸಂಸತ್ತಿನಲ್ಲಿ ದೊಡ್ಡ ಗಲಾಟೆ ಆಯಿತು. ಯಾರೂ ಗುಟ್ಟಾಗಿ ಏನನ್ನೂ ಸೋರಿಕೆ ಮಾಡಿರಲಿಲ್ಲ. ಆ ಕಂಪನಿಯೇ ಅಮೆರಿಕದ ಕಾನೂನಿನಂತೆ ತುಂಬಿ ಕೊಟ್ಟಿದ್ದ ಫಾರಂನಲ್ಲಿ ಭಾರತದ ಮಾರುಕಟ್ಟೆಯ ಹೆಸರಿತ್ತು. ಯಾರೋ ತೆರೆದು ಓದಿದರು, ಅಷ್ಟೇ.

ಆ ಫಾರಂಗಳನ್ನು ನೀವೂ ಓದಬಹುದು. ಪತ್ರಕರ್ತರೇ ಆಗಬೇಕಿಲ್ಲ, ವಕೀಲರೂ ಆಗಬೇಕಿಲ್ಲ. ಇಂಟರ್ನೆಟ್ ಇದ್ದರೆ ಸಾಕು, ದುಡ್ಡು ಕೊಡಬೇಕಾಗಿಲ್ಲ. ಬೇಕಾದದ್ದು ತಾಳ್ಮೆ, ಮತ್ತು ಯಾವ ಫಾರಂನ ಯಾವ ಸಾಲಿನಲ್ಲಿ ಏನಿರುತ್ತದೆ ಅನ್ನುವ ತಿಳಿವಳಿಕೆ. ಈ ಲೇಖನ ಬರೆದಿರುವುದು ಅದಕ್ಕಾಗಿಯೇ. ಎಚ್‌ಎಎಲ್, ಬಿಇಎಲ್, ಡಿಆರ್‌ಡಿಒ ಎಲ್ಲ ನಮ್ಮ ಊರಲ್ಲೇ ಇರುವಾಗ, ಈ ಓದು ಕನ್ನಡಿಗರಿಗೆ ಬೇರೆಯವರಿಗಿಂತ ಒಂದು ಕೈ ಜಾಸ್ತಿಯೇ ಬೇಕು ಅನ್ನುವುದು ನನ್ನ ಅನಿಸಿಕೆ.

ಶುರು ಮಾಡುವ ಮುನ್ನ

ಲಾಬಿ ಬೇರೆ, ಲಂಚ ಬೇರೆ. ಒಂದು ಕಂಪನಿ ಸಚಿವರನ್ನೋ ಸಂಸದರನ್ನೋ ಭೇಟಿಯಾಗಿ "ನಮ್ಮ ಡ್ರೋನ್ ಚೆನ್ನಾಗಿದೆ, ಇದನ್ನೇ ತಗೊಳ್ಳಿ" ಅಂದರೆ ಅದು ಲಾಬಿ. ಬಹುತೇಕ ದೇಶಗಳಲ್ಲಿ ಅದು ಕಾನೂನುಬದ್ಧ. ಆ ಸಚಿವರ, ಸಂಸದರ ಕೈಗೆ ಹಣ ಹೋದರೆ ಅದು ಲಂಚ, ಅಪರಾಧ. ಲಾಬಿ ಫಾರಂನಲ್ಲಿ ಲಂಚದ ಸುಳಿವು ಹುಡುಕಲು ಹೋದರೆ ನಿಮಗೂ ನಿರಾಸೆ, ಕಂಪನಿಗೂ ಅನ್ಯಾಯ. ನಾವು ಹುಡುಕಬೇಕಾದ್ದು ನಾಲ್ಕು ಸಂಗತಿ: ಯಾರು, ಯಾರ ಹತ್ತಿರ, ಯಾವ ವಿಷಯಕ್ಕೆ, ಎಷ್ಟು ಖರ್ಚು ಮಾಡಿ ಮಾತಾಡಿದರು.

ಆಮೇಲೆ ಒಂದೇ ಒಂದು ವ್ಯವಹಾರ ಆರಿಸಿಕೊಳ್ಳಿ. "ಅಮೆರಿಕದ ರಕ್ಷಣಾ ಕಂಪನಿಗಳು" ಅಂತ ಶುರು ಮಾಡಿದರೆ ಎರಡೇ ದಿನಕ್ಕೆ ಸುಸ್ತಾಗುತ್ತೀರಿ. ನಾನಾದರೆ ಎಂಕ್ಯೂ-9ಬಿ ಡ್ರೋನ್ ಆರಿಸುತ್ತೇನೆ. ಭಾರತಕ್ಕೆ ಅಂಥ 31 ಡ್ರೋನ್ ಮಾರುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2024ರ ಫೆಬ್ರವರಿ 1ರಂದು ತನ್ನ ಸಂಸತ್ತಿಗೆ ತಿಳಿಸಿತು. ಅಂದಾಜು ಬೆಲೆ 399 ಕೋಟಿ ಡಾಲರ್. ಅದೇ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಸಹಿ ಬಿತ್ತು.

ಇಂಥ ಪ್ರತಿ ದೊಡ್ಡ ಮಾರಾಟಕ್ಕೂ ಅಮೆರಿಕ ಸರ್ಕಾರ ಒಂದೆರಡು ಪುಟದ ಪ್ರಕಟಣೆ ಹೊರಡಿಸುತ್ತದೆ; ಡ್ರೋನ್‌ನದನ್ನು ಹೊರಡಿಸಿದ್ದು ಅಲ್ಲಿನ ರಕ್ಷಣಾ ಇಲಾಖೆಯ ಡಿಎಸ್‌ಸಿಎ ಎಂಬ ಸಂಸ್ಥೆ. ಆ ಪ್ರಕಟಣೆಯೇ ನಿಮ್ಮ ಮೊದಲ ಕಾಗದ. ಏನು ಮಾರುತ್ತಿದ್ದಾರೆ, ಎಷ್ಟಕ್ಕೆ, ಮುಖ್ಯ ಗುತ್ತಿಗೆದಾರ ಕಂಪನಿ ಯಾವುದು ಅಂತ ಅದರಲ್ಲಿರುತ್ತದೆ. ಡ್ರೋನ್ ವಿಷಯದಲ್ಲಿ ಆ ಕಂಪನಿ ಜನರಲ್ ಅಟಾಮಿಕ್ಸ್. ಬೇರೆ ದೇಶಗಳ ವ್ಯವಹಾರವಾದರೆ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಶಸ್ತ್ರಾಸ್ತ್ರ ವರ್ಗಾವಣೆ ಪಟ್ಟಿ ನೋಡಿ. ಯಾವ ದೇಶ ಯಾವ ದೇಶಕ್ಕೆ ಯಾವ ವರ್ಷ ಏನು ಕೊಟ್ಟಿತು ಅನ್ನುವುದು ಉಚಿತವಾಗಿ ಸಿಗುತ್ತದೆ.

ಕಂಪನಿಯ ಹಳೆಯ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಫಿನ್‌ಮೆಕ್ಕಾನಿಕಾ ಈಗ ಲಿಯೊನಾರ್ಡೊ. ರೇಥಿಯಾನ್ 2020ರಲ್ಲಿ ಇನ್ನೊಂದು ಕಂಪನಿಯ ಜತೆ ಸೇರಿ ರೇಥಿಯಾನ್ ಟೆಕ್ನಾಲಜೀಸ್ ಆಯಿತು, 2023ರಲ್ಲಿ ಆರ್‌ಟಿಎಕ್ಸ್ ಆಯಿತು. ಹೊಸ ಹೆಸರಲ್ಲಿ ಮಾತ್ರ ಹುಡುಕಿದರೆ ಹಳೆಯ ಹತ್ತು ವರ್ಷ ಕಣ್ಣಿಗೇ ಬೀಳುವುದಿಲ್ಲ.

ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಐದು ಕಾಲಂ ಸಾಕು: ದಿನಾಂಕ, ಯಾರು, ಯಾರ ಹತ್ತಿರ, ಏನು, ಯಾವ ಕಾಗದದ ಎಷ್ಟನೇ ಪುಟ. ಕೊನೆಯ ಕಾಲಂ ಯಾವತ್ತೂ ಖಾಲಿ ಬಿಡಬೇಡಿ.

ಎಲ್‌ಡಿ-2: ಸಾಲು ಸಾಲಾಗಿ ಓದಿ

ಲಾಬಿ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಗದ ಹುಟ್ಟುವುದು ಅಮೆರಿಕದಲ್ಲಿ. 1995ರ ಲಾಬಿ ಬಹಿರಂಗ ಕಾಯ್ದೆ, ಅದನ್ನು ಬಿಗಿ ಮಾಡಿದ 2007ರ ತಿದ್ದುಪಡಿ, ಇವೆರಡೂ ಸೇರಿ ಮೂರು ತಿಂಗಳಿಗೊಮ್ಮೆ ವರದಿ ಕೊಡುವುದನ್ನು ಕಡ್ಡಾಯ ಮಾಡಿವೆ. ಆ ವರದಿಯ ಹೆಸರು ಎಲ್‌ಡಿ-2. ಸೆನೆಟ್‌ನ ತಾಣದಲ್ಲಿ ಕಂಪನಿಯ ಹೆಸರು ಟೈಪ್ ಮಾಡಿದರೆ ಸಾಕು, ವರ್ಷವಾರು ಪಟ್ಟಿ ಬರುತ್ತದೆ.

ಫಾರಂ ತೆರೆದರೆ ಮೇಲುಗಡೆ ಎರಡು ಹೆಸರು: ವರದಿ ಕೊಡುವವರು, ಮತ್ತು ಗಿರಾಕಿ. ಎರಡೂ ಒಂದೇ ಆಗಿದ್ದರೆ ಕಂಪನಿ ತನ್ನದೇ ನೌಕರರಿಂದ ಲಾಬಿ ಮಾಡಿಸಿದೆ. ಬೇರೆ ಬೇರೆ ಆಗಿದ್ದರೆ ಹೊರಗಿನ ಸಂಸ್ಥೆಯನ್ನು ಬಾಡಿಗೆಗೆ ಹಿಡಿದಿದೆ. ಒಂದೇ ದೊಡ್ಡ ಕಂಪನಿಗೆ ಹತ್ತಾರು ಹೊರ ಸಂಸ್ಥೆಗಳು ಕೆಲಸ ಮಾಡುವುದುಂಟು. ಹಾಗಾಗಿ ಗಿರಾಕಿಯ ಹೆಸರಿನಲ್ಲೂ ಒಮ್ಮೆ ಹುಡುಕಿ.

12 ಮತ್ತು 13ನೇ ಸಾಲಿನಲ್ಲಿ ಹಣ. ಹೊರಗಿನ ಸಂಸ್ಥೆ 12ರಲ್ಲಿ ತನ್ನ ಆದಾಯ ಬರೆಯುತ್ತದೆ, ಸ್ವಂತ ಲಾಬಿ ಮಾಡುವ ಕಂಪನಿ 13ರಲ್ಲಿ ಖರ್ಚು ಬರೆಯುತ್ತದೆ. ಎರಡನ್ನೂ ಸುಮ್ನೆ ಕೂಡಿಸಬೇಡಿ. ಕಂಪನಿಯ ಖರ್ಚಿನೊಳಗೆ ಹೊರ ಸಂಸ್ಥೆಗೆ ಕೊಟ್ಟ ಫೀಸೂ ಸೇರಿರುತ್ತದೆ, ಒಂದೇ ಹಣ ಎರಡು ಸಲ ಲೆಕ್ಕವಾಗಿಬಿಡುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಮೊತ್ತವನ್ನು ಹತ್ತು ಸಾವಿರ ಡಾಲರ್‌ನ ಲೆಕ್ಕಕ್ಕೆ ಸರಿಹೊಂದಿಸಿ ಬರೆಯುತ್ತಾರೆ, ಇದೂ ನೆನಪಿರಲಿ. ಲಾಕ್‌ಹೀಡ್ ಮಾರ್ಟಿನ್‌ನಂಥ ಕಂಪನಿ ವರ್ಷಕ್ಕೆ 1 ಕೋಟಿ ಡಾಲರ್‌ಗೂ ಮೀರಿ ತೋರಿಸುತ್ತದೆ.

15ನೇ ಸಾಲಿನಲ್ಲಿ ವಿಷಯದ ಸಂಕೇತ ಇರುತ್ತದೆ. ರಕ್ಷಣೆಗೆ ಡಿ, ಇ, ಎಫ್ ಎಂಬ ಮೂರು ಅಕ್ಷರ. ಅದರ ಕೆಳಗಿನ 16ನೇ ಸಾಲು ಇಡೀ ಫಾರಂನ ಜೀವ. ನಿರ್ದಿಷ್ಟವಾಗಿ ಯಾವುದರ ಬಗ್ಗೆ ಮಾತಾಡಿದರು ಅಂತ ಅಲ್ಲಿ ಬರೆಯಬೇಕು. ಕೆಲವರು ಮಸೂದೆಯ ಸಂಖ್ಯೆ, ವಿಮಾನದ ಹೆಸರು, ದೇಶದ ಹೆಸರು ಎಲ್ಲ ಬರೆಯುತ್ತಾರೆ. ಇನ್ನು ಕೆಲವರು "ರಕ್ಷಣಾ ಬಜೆಟ್‌ಗೆ ಸಂಬಂಧಿಸಿದ ವಿಷಯಗಳು" ಅಂತ ಒಂದೇ ಸಾಲಲ್ಲಿ ತೇಲಿಸಿಬಿಡುತ್ತಾರೆ. ಎರಡೂ ನಿಮಗೆ ಮಾಹಿತಿಯೇ. ಕಳೆದ ಮೂರು ತಿಂಗಳು ವಿವರವಾಗಿ ಬರೆದ ಕಂಪನಿ ಈ ಸಲ ಮಾತು ಕಡಿಮೆ ಮಾಡಿದ್ದರೆ, ಆ ದಿನಾಂಕಕ್ಕೆ ಶೀಟಿನಲ್ಲಿ ಒಂದು ಗುರುತು ಹಾಕಿ.

17ನೇ ಸಾಲಿನಲ್ಲಿ ಯಾವ ಸದನ, ಯಾವ ಇಲಾಖೆ ಅಂತ ಇರುತ್ತದೆ. ಆದರೆ ಯಾವ ಸಂಸದ, ಯಾವ ಅಧಿಕಾರಿ ಅನ್ನುವುದು ಇರುವುದಿಲ್ಲ! ಅಮೆರಿಕದ ವ್ಯವಸ್ಥೆಯ ದೊಡ್ಡ ತೂತು ಇದು. ಭೇಟಿಯ ದಿನಾಂಕವೂ ಇಲ್ಲ. "ಸೆನೆಟ್" ಅಂತ ಬರೆದರೆ ನೂರು ಜನರಲ್ಲಿ ಯಾರು ಅಂತ ಹುಡುಕುವುದು?

18ನೇ ಸಾಲಿನಲ್ಲಿ ಲಾಬಿ ಮಾಡಿದವರ ಹೆಸರು, ಮತ್ತು ಅವರು ಮೊದಲು ಸರ್ಕಾರದಲ್ಲಿದ್ದರೆ ಯಾವ ಹುದ್ದೆಯಲ್ಲಿದ್ದರು ಅನ್ನುವುದು. ಅವಸರದಲ್ಲಿ ಇದನ್ನು ದಾಟಿ ಹೋಗಬೇಡಿ. ನಿನ್ನೆ ಖರೀದಿ ಮಾಡುವ ಕುರ್ಚಿಯಲ್ಲಿದ್ದವರು ಇವತ್ತು ಮಾರುವವರ ಕಡೆ ಕೂತಿರುವುದು ಕಾಣುವುದು ಇಲ್ಲೇ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ವರದಿ ಪ್ರಕಾರ, 2019ರಲ್ಲಿ 14 ದೊಡ್ಡ ರಕ್ಷಣಾ ಕಂಪನಿಗಳಲ್ಲಿ ರಕ್ಷಣಾ ಇಲಾಖೆಯ 1,718 ಮಾಜಿ ಅಧಿಕಾರಿಗಳು ಕೆಲಸದಲ್ಲಿದ್ದರು. ಎಲ್ಲರೂ ತಪ್ಪು ಮಾಡಿದವರಲ್ಲ. ಆದರೆ ತಪ್ಪಾದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಡಾರ್ಲೀನ್ ಡ್ರೂಯನ್ ಪ್ರಕರಣ ಇದೆ. ಅವರು ಅಮೆರಿಕ ವಾಯುಪಡೆಯ ಖರೀದಿ ವಿಭಾಗದ ಹಿರಿಯ ಅಧಿಕಾರಿ. ಬೋಯಿಂಗ್ ಜತೆ ಇಂಧನ ತುಂಬುವ ವಿಮಾನಗಳ ವ್ಯವಹಾರ ಮಾತಾಡುತ್ತಲೇ, ಅದೇ ಬೋಯಿಂಗ್‌ನಲ್ಲಿ ತಮಗೆ ಕೆಲಸದ ಮಾತುಕತೆಯನ್ನೂ ನಡೆಸಿದರು. 2004ರಲ್ಲಿ ಒಂಬತ್ತು ತಿಂಗಳ ಜೈಲಾಯಿತು. ಪ್ರಕರಣಗಳನ್ನು ಮುಗಿಸಲು ಬೋಯಿಂಗ್ 2006ರಲ್ಲಿ 61.5 ಕೋಟಿ ಡಾಲರ್ ಕಟ್ಟಿತು.

ಈ ಫಾರಂಗೆ ಸಿಗದವರೂ ಇದ್ದಾರೆ. ಒಬ್ಬ ಗಿರಾಕಿಗಾಗಿ ಮಾಡುವ ಕೆಲಸದಲ್ಲಿ ಶೇ 20ರಷ್ಟು ಸಮಯವನ್ನೂ ಲಾಬಿಗೆ ಕೊಡದವರು ನೋಂದಾಯಿಸಬೇಕಾಗಿಲ್ಲ. ಹಾಗಾಗಿ ಎಷ್ಟೋ ಮಾಜಿ ಜನರಲ್‌ಗಳು "ಸಲಹೆಗಾರ" ಎಂಬ ಹೆಸರಲ್ಲೇ ಇರುತ್ತಾರೆ. ಅವರನ್ನು ಹುಡುಕಲು ಕಂಪನಿಯ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಪುಟ ನೋಡಿ. ಉದ್ಯಮ ಸಂಘಗಳ ಫಾರಂಗಳನ್ನೂ ನೋಡಿ. ತಮ್ಮ ಹೆಸರಲ್ಲಿ ಹೇಳಲು ಹಿಂಜರಿಯುವುದನ್ನು ಕಂಪನಿಗಳು ಸಂಘದ ಬಾಯಲ್ಲಿ ಹೇಳಿಸುತ್ತವೆ.

ಸರ್ಕಾರವೇ ಗಿರಾಕಿಯಾದಾಗ

ಕೆಲವು ಸಲ ಲಾಬಿ ಮಾಡಿಸುವುದು ಕಂಪನಿಯಲ್ಲ, ಕೊಳ್ಳುವ ದೇಶದ ಸರ್ಕಾರ. ಅದಕ್ಕೆ ಅಮೆರಿಕದಲ್ಲಿ ಬೇರೆ ಕಾನೂನಿದೆ, 1938ರದ್ದು. ಎಲ್ಲರೂ ಫಾರಾ ಅನ್ನುತ್ತಾರೆ. ಹಳೆಯದಾದರೂ ಎಲ್‌ಡಿ-2ಗಿಂತ ಎಷ್ಟೋ ಗಟ್ಟಿ. ಕರಾರಿನ ಪ್ರತಿಯನ್ನೇ ಲಗತ್ತಿಸಬೇಕು. ಆರು ತಿಂಗಳಿಗೊಮ್ಮೆ ಯಾರಿಗೆ ಫೋನ್ ಮಾಡಿದೆವು, ಯಾರಿಗೆ ಇಮೇಲ್ ಕಳಿಸಿದೆವು ಅಂತ ದಿನಾಂಕದ ಸಮೇತ ಪಟ್ಟಿ ಕೊಡಬೇಕು.

ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿ 2025ರ ಏಪ್ರಿಲ್‌ನಲ್ಲಿ ಎಸ್‌ಎಚ್‌ಡಬ್ಲ್ಯು ಪಾರ್ಟ್ನರ್ಸ್ ಎಂಬ ಸಂಸ್ಥೆಯ ಜತೆ ಕರಾರು ಮಾಡಿಕೊಂಡಿತು. ವರ್ಷಕ್ಕೆ 18 ಲಕ್ಷ ಡಾಲರ್. ಇದು ನಮಗೆ ಗೊತ್ತಾಗಿದ್ದು ಫಾರಾ ಕಡತದಿಂದ. ನಮ್ಮ ತೆರಿಗೆಯಿಂದ ಹೋಗುವ ಹಣದ ಲೆಕ್ಕ ಅಮೆರಿಕದ ನ್ಯಾಯ ಇಲಾಖೆಯ ತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. ಅಲ್ಲಿಗೆ ಹೋಗಿ ದೇಶದ ಹೆಸರಿನಿಂದ ಹುಡುಕಿ, ಭಾರತ ಅಂತ ಆರಿಸಿ, ಪಿಡಿಎಫ್ ಇಳಿಸಿಕೊಳ್ಳಿ.

ಇನ್ನೊಂದು ಕಾಗದ ಇದೆ, ಅದು ನಮಗೆ ಸಿಗುವುದಿಲ್ಲ. ಆದರೂ ಅದು ಇದೆ ಅಂತ ತಿಳಿದಿರಬೇಕು. ಶಸ್ತ್ರಾಸ್ತ್ರ ರಫ್ತು ಮಾಡುವ ಅಮೆರಿಕದ ಕಂಪನಿ, ಆ ಮಾರಾಟಕ್ಕಾಗಿ ಕೊಟ್ಟ ದೊಡ್ಡ ಕಮಿಷನ್, ಫೀಸು, ರಾಜಕೀಯ ದೇಣಿಗೆಗಳನ್ನು ವಿದೇಶಾಂಗ ಇಲಾಖೆಗೆ ತಿಳಿಸಬೇಕು. ರಫ್ತು ನಿಯಮಗಳ 130ನೇ ಭಾಗ ಹೀಗೆ ಹೇಳುತ್ತದೆ. ಈ ವರದಿಯನ್ನು ಸಾರ್ವಜನಿಕರ ಮುಂದೆ ಇಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 95 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಒಪ್ಪಿದ ಪ್ರಕರಣದಲ್ಲಿ, ಕತಾರ್‌ನ ಅಧಿಕಾರಿಗೆ ಕೊಟ್ಟ ಲಂಚವನ್ನು ಈ ವರದಿಯಲ್ಲಿ ಮುಚ್ಚಿಟ್ಟದ್ದೂ ಒಂದು ಆರೋಪವಾಗಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಏನಿತ್ತು ಅನ್ನುವುದು ಕೇಸಾದ ಮೇಲೆ ಮಾತ್ರ ಹೊರಗೆ ಬಂತು. ಹಾಗಾಗಿ ನಿಮ್ಮ ಕಂಪನಿಯ ಹೆಸರಲ್ಲಿ ಅಮೆರಿಕದ ನ್ಯಾಯ ಇಲಾಖೆ ಮತ್ತು ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಪ್ರಕಟಣೆಗಳನ್ನೂ ಹುಡುಕಿ. ಕೋರ್ಟಿಗೆ ಕೊಟ್ಟ ಸಂಗತಿಗಳ ಹೇಳಿಕೆಯನ್ನು ಪೂರ್ತಿ ಓದಿ, ಸುದ್ದಿಯ ತಲೆಬರಹಕ್ಕೆ ನಿಲ್ಲಬೇಡಿ.

ಯುರೋಪು ಮತ್ತು ಕೆನಡಾ

ಅಮೆರಿಕದಲ್ಲಿ ಸಿಗದ "ಯಾರನ್ನು, ಯಾವತ್ತು" ಎಂಬ ಪ್ರಶ್ನೆಗೆ ಕೆನಡಾದಲ್ಲಿ ಉತ್ತರವಿದೆ. ಹಿರಿಯ ಅಧಿಕಾರಿ ಅಥವಾ ಸಂಸದರ ಜತೆ ಮೊದಲೇ ಗೊತ್ತುಮಾಡಿಕೊಂಡು ಮಾತಾಡಿದರೆ, ಮುಂದಿನ ತಿಂಗಳ 15ರೊಳಗೆ ದಿನಾಂಕ, ಹೆಸರು, ವಿಷಯ ಎಲ್ಲ ಅಲ್ಲಿನ ಲಾಬಿ ರಿಜಿಸ್ಟರ್‌ನಲ್ಲಿ ನಮೂದಿಸಬೇಕು. 88 ಎಫ್-35 ವಿಮಾನ ಕೊಳ್ಳುತ್ತೇವೆ ಅಂತ ಕೆನಡಾ 2023ರ ಜನವರಿಯಲ್ಲಿ ಘೋಷಿಸಿತು. ಅದಕ್ಕೆ ಹಿಂದಿನ ಎರಡು ವರ್ಷಗಳ ನಮೂದುಗಳನ್ನು ಲಾಕ್‌ಹೀಡ್, ಬೋಯಿಂಗ್, ಸಾಬ್ ಹೆಸರುಗಳಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ರಿಜಿಸ್ಟರ್ ಹೇಗಿರಬೇಕು ಅನ್ನುವುದು ಅರ್ಥವಾಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬ್ರಸೆಲ್ಸ್‌ನಲ್ಲಿ ಐರೋಪ್ಯ ಒಕ್ಕೂಟದ ಪಾರದರ್ಶಕತೆ ರಿಜಿಸ್ಟರ್ ಇದೆ. ಖರ್ಚನ್ನು ಇಷ್ಟರಿಂದ ಇಷ್ಟರವರೆಗೆ ಎಂಬ ಅಂದಾಜಿನಲ್ಲಿ ಕೊಡುತ್ತಾರೆ. ಆದರೆ ಒಕ್ಕೂಟದ ಸಚಿವರಂತಿರುವ ಕಮಿಷನರ್‌ಗಳು, ಅವರ ಆಪ್ತ ಸಿಬ್ಬಂದಿ ಮತ್ತು ಮಹಾನಿರ್ದೇಶಕರ ಭೇಟಿಗಳನ್ನು 2014ರ ಕೊನೆಯಿಂದ ಪ್ರಕಟಿಸುತ್ತಿದ್ದಾರೆ. ರಿಜಿಸ್ಟರ್ ಜತೆಗೆ ತಜ್ಞರ ಸಮಿತಿಗಳ ಪಟ್ಟಿಯನ್ನೂ ನೋಡಬೇಕು. ರಕ್ಷಣಾ ಸಂಶೋಧನೆಗೆ ಒಕ್ಕೂಟ ಹಣ ಕೊಡಬೇಕೋ ಬೇಡವೋ ಅಂತ ಸಲಹೆ ಹೇಳಲು 2015ರಲ್ಲಿ ಒಂದು ಗಣ್ಯರ ಗುಂಪು ಮಾಡಿದರು. ಅದರಲ್ಲಿ ಏರ್‌ಬಸ್, ಬಿಎಇ ಸಿಸ್ಟಮ್ಸ್, ಸಾಬ್, ಫಿನ್‌ಮೆಕ್ಕಾನಿಕಾ ಕಂಪನಿಗಳ ಮುಖ್ಯಸ್ಥರೇ ಇದ್ದರು. ಗುಂಪು ಹಣ ಕೊಡಿ ಅಂದಿತು. ಕೊನೆಗೆ 2021ರಿಂದ 2027ರ ಅವಧಿಗೆ ಸುಮಾರು 800 ಕೋಟಿ ಯೂರೋಗಳ ರಕ್ಷಣಾ ನಿಧಿ ಬಂತು. ನಿಧಿ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಹಣ ಪಡೆಯಬಹುದಾದವರೇ ಹಣದ ಬಗ್ಗೆ ಸಲಹೆ ಕೊಟ್ಟರಲ್ಲ, ನನಗೆ ಚುಚ್ಚುವುದು ಅದು.

ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಕಚೇರಿಯ ತೀರ್ಮಾನಗಳೂ ಉಪಯೋಗಕ್ಕೆ ಬರುತ್ತವೆ. ಯುರೋಪಿಯನ್ ಡಿಫೆನ್ಸ್ ಏಜೆನ್ಸಿಯ ಮುಖ್ಯಸ್ಥರಾಗಿದ್ದವರು 2020ರಲ್ಲಿ ಹುದ್ದೆ ಬಿಟ್ಟು, ಅದೇ ವರ್ಷ ಏರ್‌ಬಸ್ ಸೇರಿದರು. ಇದಕ್ಕೆ ಅನುಮತಿ ಕೊಡಲೇಬಾರದಿತ್ತು ಅಂತ ಓಂಬುಡ್ಸ್‌ಮನ್ 2021ರಲ್ಲಿ ಹೇಳಿದರು.

ಜರ್ಮನಿಯ ರಿಜಿಸ್ಟರ್ 2022ರ ಜನವರಿ 1ರಂದು ಶುರುವಾಯಿತು. 2024ರ ಮಾರ್ಚ್‌ನಿಂದ ನಿಯಮ ಬಿಗಿಯಾಗಿದೆ, ಸರ್ಕಾರಕ್ಕೆ ಕೊಟ್ಟ ಲಿಖಿತ ಅಭಿಪ್ರಾಯಗಳಲ್ಲಿ ಮುಖ್ಯವಾದವನ್ನು ಕಂಪನಿಗಳು ಅಲ್ಲೇ ಹಾಕಬೇಕು. ಜರ್ಮನ್ ಬರದಿದ್ದರೂ ಪರವಾಗಿಲ್ಲ, ಅನುವಾದದ ಆ್ಯಪ್‌ನಲ್ಲಿ ಹಾಕಿದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಫ್ರಾನ್ಸ್‌ನಲ್ಲಿ 2017ರಿಂದ ರಿಜಿಸ್ಟರ್ ಇದೆ, ವರ್ಷಕ್ಕೊಂದೇ ವರದಿ. ಬ್ರಿಟನ್ನಿನದು ತೀರಾ ಬಡಕಲು. 2014ರ ಕಾನೂನು ಬಾಡಿಗೆ ಲಾಬಿ ಸಂಸ್ಥೆಗಳಿಗೆ ಮಾತ್ರ ಅನ್ವಯ, ಕಂಪನಿಯ ಸ್ವಂತ ನೌಕರರು ನೋಂದಾಯಿಸಬೇಕಾಗಿಲ್ಲ. ಅಲ್ಲಿ ರಿಜಿಸ್ಟರ್ ಬಿಟ್ಟು ರಕ್ಷಣಾ ಸಚಿವರ ಭೇಟಿಗಳ ಪಟ್ಟಿಯನ್ನು ತೆಗೆಯಿರಿ. ಅದು ಸರ್ಕಾರದ ತಾಣದಲ್ಲೇ ಸಿಗುತ್ತದೆ.

ಮನೆಗೆ ಬಂದು ನೋಡಿದರೆ

ಭಾರತದಲ್ಲಿ ಲಾಬಿ ರಿಜಿಸ್ಟರ್ ಇಲ್ಲ. ಲಾಬಿಗೆ ಅಂತ ಕಾನೂನೇ ಇಲ್ಲ. 2013ರಲ್ಲಿ ಒಬ್ಬ ಸಂಸದರ ಖಾಸಗಿ ಮಸೂದೆ ಬಂದಿತ್ತು, ಕಾನೂನಾಗಲಿಲ್ಲ. ಜಗತ್ತಿನ ದೊಡ್ಡ ಶಸ್ತ್ರಾಸ್ತ್ರ ಆಮದುದಾರರ ಸಾಲಿನಲ್ಲಿ ನಿಂತಿರುವ ದೇಶದಲ್ಲಿ ಈ ಸ್ಥಿತಿ ಇರುವುದು ನನಗೆ ನಿಜಕ್ಕೂ ಬೇಸರ. ಇಷ್ಟಾದರೂ ಕೈಕಟ್ಟಿ ಕೂರಬೇಕಾಗಿಲ್ಲ.

ರಕ್ಷಣಾ ಖರೀದಿ ಒಪ್ಪಂದಗಳಲ್ಲಿ ಏಜೆಂಟ್‌ಗಳ ಬಗ್ಗೆ ಒಂದು ಷರತ್ತು ಇರುತ್ತದೆ. ಶಿಫಾರಸು ಮಾಡಿಸಲು ಯಾರಿಗೂ ಕಮಿಷನ್ ಕೊಟ್ಟಿಲ್ಲ ಅಂತ ಕಂಪನಿ ಬರೆದುಕೊಡಬೇಕು, ಏಜೆಂಟ್ ಇದ್ದರೆ ತಿಳಿಸಬೇಕು. ದೊಡ್ಡ ಖರೀದಿಗಳಿಗೆ ಇಂಟೆಗ್ರಿಟಿ ಪ್ಯಾಕ್ಟ್ ಎಂಬ ಪ್ರಾಮಾಣಿಕತೆಯ ಕರಾರೂ ಇರುತ್ತದೆ. ಅದರ ಮೇಲೆ ಕಣ್ಣಿಡಲು ಹೊರಗಿನ ಸ್ವತಂತ್ರ ನಿಗಾದಾರರನ್ನು ನೇಮಿಸುತ್ತಾರೆ.

ಇಲ್ಲಿ ಮಾಹಿತಿ ಹಕ್ಕು ನಿಮ್ಮ ಕೈಗೆ ಬರುತ್ತದೆ. ಡಿಆರ್‌ಡಿಒಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು. ಎಚ್‌ಎಎಲ್ ಮತ್ತು ಬಿಇಎಲ್‌ಗೆ ಆ ವಿನಾಯಿತಿ ಇಲ್ಲ. ಎರಡರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲೇ. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು.

ಅರ್ಜಿಯಲ್ಲಿ "ಏಕೆ" ಅಂತ ಕೇಳಬೇಡಿ. ಅಭಿಪ್ರಾಯ ಕೊಡುವ ಹೊಣೆ ಅವರಿಗಿಲ್ಲ, ಅರ್ಜಿ ವಾಪಸ್ ಬರುತ್ತದೆ. ದಾಖಲೆ ಕೇಳಿ. ಹೀಗೆ ಬರೆಯಬಹುದು:

"2022ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ವಿದೇಶಿ ಮಾರಾಟಗಾರರ ಜತೆ ಸಹಿ ಮಾಡಿದ ಇಂಟೆಗ್ರಿಟಿ ಪ್ಯಾಕ್ಟ್‌ಗಳ ವರ್ಷವಾರು ಸಂಖ್ಯೆ ಮತ್ತು ಮಾರಾಟಗಾರರ ಹೆಸರು ಕೊಡಿ. ಇದೇ ಅವಧಿಯಲ್ಲಿ ಏಜೆಂಟ್ ನೇಮಿಸಿರುವುದಾಗಿ ಲಿಖಿತವಾಗಿ ತಿಳಿಸಿದ ಮಾರಾಟಗಾರರ ಪಟ್ಟಿ ಕೊಡಿ. ಸ್ವತಂತ್ರ ನಿಗಾದಾರರಿಗೆ ಬಂದ ದೂರುಗಳ ಸಂಖ್ಯೆ ಮತ್ತು ವಿಲೇವಾರಿ ಆದವುಗಳ ಸಂಖ್ಯೆ ಕೊಡಿ."

ವಾಣಿಜ್ಯ ಗುಟ್ಟು ಅಂತ 8(1)(ಡಿ) ಸೆಕ್ಷನ್ ತೋರಿಸಿ ತಿರಸ್ಕರಿಸುವ ಸಾಧ್ಯತೆ ಜಾಸ್ತಿ. ಅದಕ್ಕೆ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ಯಾವುದಾದರೂ ಭಾಗ ಕೊಡಲಾಗದಿದ್ದರೆ ಸೆಕ್ಷನ್ 10ರಂತೆ ಅದನ್ನು ಬೇರ್ಪಡಿಸಿ ಉಳಿದದ್ದು ಕೊಡಿ ಅಂತ. ಬೆಲೆ, ತಾಂತ್ರಿಕ ವಿವರ ಕೇಳಲೇಬೇಡಿ. ದೇಶದ ಭದ್ರತೆಗೆ ಸಂಬಂಧಿಸಿದ್ದನ್ನು ಕೊಡದೇ ಇರಲು ಅವರಿಗೆ ಕಾರಣವಿದೆ, ಅದನ್ನು ನಾವೂ ಗೌರವಿಸಬೇಕು. ಏಜೆಂಟ್‌ನ ಹೆಸರಿನಲ್ಲಿ ಯಾವ ಭದ್ರತೆಯ ಗುಟ್ಟೂ ಇಲ್ಲ.

ಸಿಎಜಿ ವರದಿಗಳನ್ನೂ ಓದಿ. ರಫೇಲ್ ಬಗ್ಗೆ 2019ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ ಬೆಲೆಗಳನ್ನು ಮುಚ್ಚಿದ್ದರು, ಆದರೆ ಖರೀದಿಯ ಹಂತಗಳು, ತಡವಾದ ಕಾರಣಗಳು ವಿವರವಾಗಿವೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು ಲೋಕಸಭೆಯ ತಾಣದಲ್ಲಿವೆ. ನಿಮ್ಮ ಸಂಸದರಿಗೆ ಪತ್ರ ಬರೆದು, ಇಂಥ ಪ್ರಶ್ನೆ ಕೇಳಿ ಅಂತ ಒತ್ತಾಯಿಸುವ ದಾರಿಯೂ ಇದೆ. ಪ್ರಶ್ನೆಯನ್ನು ನೀವೇ ನೀಟಾಗಿ ಬರೆದು ಕೊಟ್ಟರೆ ಅವರ ಕಚೇರಿಗೆ ಸುಲಭ. ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿದ ಮೇಲೆ ಪ್ರಕಟವಾದ, ಬಾಂಡ್ ಕೊಂಡವರ ಪಟ್ಟಿಯನ್ನೂ ಇಳಿಸಿಕೊಳ್ಳಿ. ನಿಮ್ಮ ಶೀಟಿನ ಭಾರತೀಯ ಪಾಲುದಾರ ಕಂಪನಿಯ ಹೆಸರು ಅದರಲ್ಲಿದೆಯೇ ಅಂತ ಒಮ್ಮೆ ನೋಡಿ.

ಬರೆಯುವಾಗ ಎಚ್ಚರ

ಮಂಗಳವಾರ ಭೇಟಿ, ಶುಕ್ರವಾರ ಆದೇಶ. ಇದನ್ನು ನೋಡಿದ ಕೂಡಲೇ "ಭೇಟಿಯಿಂದಲೇ ಆದೇಶ" ಅಂತ ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ. "ಮಂಗಳವಾರ ಭೇಟಿಯಾಗಿದ್ದರು, ಶುಕ್ರವಾರ ಆದೇಶ ಬಂತು" ಅಂತಷ್ಟೇ ಬರೆಯಿರಿ. ಆದೇಶದ ಕಡತ ಆರು ತಿಂಗಳ ಹಿಂದೆಯೇ ಮುಗಿದಿರಬಹುದು, ಅಲ್ವಾ? ಪ್ರಕಟಿಸುವ ಮೊದಲು ಕಂಪನಿಗೆ ಇಮೇಲ್ ಮಾಡಿ, ಉತ್ತರಕ್ಕೆ ಒಂದು ವಾರ ಕೊಡಿ, ಬಂದ ಉತ್ತರವನ್ನು ಹಾಕಿ. ಮಾನಹಾನಿ ನಮ್ಮಲ್ಲಿ ಇನ್ನೂ ಕ್ರಿಮಿನಲ್ ಅಪರಾಧ ಅನ್ನುವುದು ನೆನಪಿರಲಿ. ನೋಡಿದ ಪ್ರತಿ ಪುಟವನ್ನೂ ಪಿಡಿಎಫ್ ಮಾಡಿ ದಿನಾಂಕ ಹಾಕಿ ಇಟ್ಟುಕೊಳ್ಳಿ. ಸರ್ಕಾರಿ ತಾಣಗಳಲ್ಲಿ ಲಿಂಕು ಇವತ್ತಿದ್ದಂತೆ ನಾಳೆ ಇರುವುದಿಲ್ಲ.

ತುಂಬಿದ ಒಂದು ಹಾಳೆ

ಕೊನೆಗೆ ಶೀಟು ಹೇಗೆ ಕಾಣುತ್ತದೆ ಅಂತ ತೋರಿಸಲು ಹಾಕ್ ತರಬೇತಿ ವಿಮಾನದ ಸಾಲುಗಳನ್ನು ಕೊಡುತ್ತೇನೆ. ಇವೆಲ್ಲ ಈಗ ಸಾರ್ವಜನಿಕವಾಗಿರುವ ಸಂಗತಿಗಳೇ.

2004ರ ಮಾರ್ಚ್: 66 ಹಾಕ್ ವಿಮಾನಗಳಿಗೆ ಒಪ್ಪಂದ. 24 ಬ್ರಿಟನ್ನಿನಿಂದ ಸಿದ್ಧವಾಗಿ ಬರುವಂಥವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವಂಥವು. ವಿಮಾನ ಬಿಎಇ ಸಿಸ್ಟಮ್ಸ್‌ನದು, ಎಂಜಿನ್ ರೋಲ್ಸ್-ರಾಯ್ಸ್‌ನದು.

2006: ರೋಲ್ಸ್-ರಾಯ್ಸ್‌ನ ಭಾರತದ ಕಚೇರಿಯಲ್ಲಿ ತೆರಿಗೆ ಅಧಿಕಾರಿಗಳ ತಪಾಸಣೆ. ಕಂಪನಿಯ ಮಧ್ಯವರ್ತಿಗಳ ಹೆಸರಿದ್ದ ಒಂದು ಪಟ್ಟಿ ಅವರ ಕೈಗೆ ಸಿಕ್ಕಿತು.

2017ರ ಜನವರಿ 17: ಲಂಡನ್ನಿನ ಕೋರ್ಟ್. ಏಳು ದೇಶಗಳ ಪ್ರಕರಣಗಳಲ್ಲಿ ಬ್ರಿಟನ್ನಿಗೆ ಸುಮಾರು 49.7 ಕೋಟಿ ಪೌಂಡ್ ಕಟ್ಟುವುದಾಗಿ ರೋಲ್ಸ್-ರಾಯ್ಸ್ ಒಪ್ಪಿತು. ಭಾರತದ ರಕ್ಷಣಾ ವ್ಯವಹಾರದಲ್ಲಿ ಮಧ್ಯವರ್ತಿಗಳ ಬಗ್ಗೆ ಸುಳ್ಳು ಲೆಕ್ಕ ಬರೆದದ್ದು ಅದರಲ್ಲೊಂದು. ಆ ಪಟ್ಟಿಯನ್ನು ವಾಪಸ್ ಪಡೆಯಲು ಲಂಚದ ಸಂಚು ಮಾಡಿದ್ದು ಇನ್ನೊಂದು.

2023ರ ಮೇ: ಹಾಕ್ ಖರೀದಿಯ ಬಗ್ಗೆ ರೋಲ್ಸ್-ರಾಯ್ಸ್, ಬಿಎಇ ಮತ್ತಿತರರ ಮೇಲೆ ಸಿಬಿಐ ಎಫ್‌ಐಆರ್ ಹಾಕಿತು, ಲಂಡನ್ನಿನ ಆ ಕಡತವನ್ನೂ ಉಲ್ಲೇಖಿಸಿ. ಎಫ್‌ಐಆರ್ ಅಂದರೆ ಆರೋಪ ಮಾತ್ರ, ಶೀಟಿನಲ್ಲೂ ಹಾಗೆಯೇ ಬರೆಯಬೇಕು.

ನಾಲ್ಕೇ ಸಾಲು, ಹತ್ತೊಂಬತ್ತು ವರ್ಷ. 2017ರ ಕಡತ ಯಾರು ಬೇಕಾದರೂ ಓದುವಂತೆ ಲಂಡನ್ನಿನಲ್ಲಿತ್ತು, ಇಲ್ಲಿ ಎಫ್‌ಐಆರ್ ಆಗಲು ಇನ್ನೂ ಆರು ವರ್ಷ ಹಿಡಿಯಿತು. ನೀವು ಆರಿಸಿದ ವ್ಯವಹಾರಕ್ಕೂ ಹೀಗೇ ಸಾಲು ತುಂಬುತ್ತಾ ಹೋಗಿ. ಎಲ್‌ಡಿ-2 ಕೊಡಲು ಕೊನೆಯ ದಿನ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 20. ಮೊಬೈಲಿನಲ್ಲಿ 21ಕ್ಕೆ ನೆನಪಿನ ಗಂಟೆ ಇಟ್ಟುಕೊಳ್ಳಿ. ಆರ್‌ಟಿಐ ಹಾಕಿದ್ದರೆ 30ನೇ ದಿನಕ್ಕೂ ಒಂದು ಗಂಟೆ ಇಡಿ. ಅಷ್ಟರಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ ಇನ್ನು 30 ದಿನ ಸಮಯವಿರುತ್ತದೆ, ಅದಕ್ಕೆ ಫೀಸೂ ಇಲ್ಲ.